ಕಿಟಕಿಯಿಂದ ಬಂದ ಕೂಸು

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯಲು ಬಾಗಿಲು ಬೇಕಾಗಿಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆ ಜನ ಅದರ ಪಕ್ಕದಲ್ಲೇ ಓಡುತ್ತಾರೆ. ಗಾಜು ಸರಿಸಿದ ಕಿಟಕಿ ಕಂಡರೆ ಸಾಕು, ಟವೆಲ್ಲು, ಟೋಪಿ, ಕೈಚೀಲ, ಮೆಂತ್ಯೆ ಸೊಪ್ಪಿನ ಸೂಡು, ಕೈಯಲ್ಲಿ ಏನಿದೆಯೋ ಅದನ್ನು ಒಳಗೆ ಎಸೆಯುತ್ತಾರೆ. ಹಾಗೆ ಬಿದ್ದ ಟವೆಲ್ಲನ್ನು ತೆಗೆದು ಕೂರುವಷ್ಟು ಧೈರ್ಯ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಎಸೆಯಲು ಏನೂ ಇಲ್ಲದ ಹೆಂಗಸರು ಕೂಸನ್ನೇ ಕೊಡುತ್ತಾರೆ. ಕಿಟಕಿಯ ಪಕ್ಕ ಕೂತವರು ಯಾರೇ ಇರಲಿ, ಎರಡೂ ಕೈ ಚಾಚಿ ಇಸಿದುಕೊಳ್ಳಬೇಕು. ಹೆಸರು ಕೇಳುವ ರೂಢಿಯಿಲ್ಲ. ತಾಯಿ ಬಾಗಿಲಿನ ಗದ್ದಲದಲ್ಲಿ ನುಗ್ಗಿಕೊಂಡು ಬರುತ್ತಾಳೆ. ಕೂಸು ಕೂತ ಜಾಗ ಅವಳದು.

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಶನಿವಾರ ಶನಿವಾರ ಕಾಗವಾಡಕ್ಕೆ ಮನೆಗೆ ಬರುತ್ತಿದ್ದೆ. ಅವ್ವ ನನ್ನನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದು ಒಂದು ಪಿನ್ನಿನ ಬಲದ ಮೇಲೆ. ಹೆಬ್ಬೆರಳುದ್ದದ ಆ ಪಿನ್ನನ್ನು ಸೀರೆಯ ಸೆರಗಿನ ಒಳಮೈಗೆ ತಾನೇ ಚುಚ್ಚಿ ಕೊಡುತ್ತಿದ್ದಳು. “ಬಸ್ಸಿನ್ಯಾಗ ಯಾವನರ ಮೈಮ್ಯಾಲ ಬಂದ್ರ ಮಾತಾಡಬ್ಯಾಡ, ಚುಚ್ಚ. ಮತ್ತ ಯಾರ ಕೇಳಿದ್ರೂ ನಮ್ಮ ಊರ ಹೇಳಬ್ಯಾಡ.” ಊರು ಗೊತ್ತಾದರೆ ಮನೆ ಗೊತ್ತಾಗುತ್ತದೆ, ಮನೆ ಗೊತ್ತಾದರೆ ಹುಡುಗಿ ಯಾವ ವಾರ ಯಾವ ಬಸ್ಸಿಗೆ ಬರುತ್ತಾಳೆಂಬುದೂ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಆದರೆ ಯಾವ ಊರು, ಯಾರ ಪೈಕಿ ಎಂದು ಯಾರಾದರೂ ಕೇಳಿದಾಗ ಸುಮ್ಮನಿರುವುದು ನಮ್ಮಲ್ಲಿ ಬೈದುದಕ್ಕೆ ಸಮ. ಹಾಗಾಗಿ ನಾನು ಒಂದು ಊರು ಇಟ್ಟುಕೊಂಡಿದ್ದೆ. ಸತ್ತಿ. ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಹೊಳೆದಂಡೆಯ ಊರು ಎಂಬುದಷ್ಟೇ ಗೊತ್ತಿತ್ತು. ಎರಡು ವರ್ಷ ಆ ಊರು ನನ್ನನ್ನು ಚೆನ್ನಾಗಿಯೇ ಕಾಪಾಡಿತು.

ಆ ಶನಿವಾರ ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಸ್ಸುಗಳು ಬಂದೇ ಇರಲಿಲ್ಲ. ಅಂಕಲಿ, ಕಾಗವಾಡದ ಮೇಲೆ ಅಥಣಿಗೆ ಹೋಗುವ ಬಸ್ಸು ಬಂದಾಗ ಬಿಸಿಲು ಇಳಿದಿತ್ತು. ಅದನ್ನು ಬಿಟ್ಟರೆ ಕತ್ತಲಾಗುತ್ತದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ. ತಡವಾಗಿ ಬಂದವರಿಗೆ ಊಟವಿಲ್ಲ, ಪ್ರಶ್ನೆಗಳು ಮಾತ್ರ. ಓಡಿ ಹತ್ತಿದೆ. ಮೂವರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಮುದುಕಿ ಕೂತು, ಅದರಾಚೆಯ ಜಾಗದಲ್ಲಿ ತನ್ನ ಬುಟ್ಟಿ ಇಟ್ಟಳು. ಉಸಿರು ಬಿಡುವುದರೊಳಗೆ ಕೇಳಿದಳು.

“ಯಾವ ಊರಾತವ್ವಾ ನಿಂದು?”

“ಸತ್ತಿ.”

“ಸತ್ತಿ?” ಮುದುಕಿ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದಳು. “ನನ್ನ ಮಗಳನ್ನ ಸತ್ತಿಗೇ ಕೊಟ್ಟೇನಲ್ಲ! ಯಾರ ಪೈಕಿ ನೀ?”

“ನಮ್ಮನಿ ಹೊಳಿ ದಂಡಿ ಮ್ಯಾಲ ಐತ್ರಿ.”

“ಹೊಳಿ ದಂಡಿ ಮ್ಯಾಲ ಇಡೀ ಊರ ಐತಿ. ಯಾರ ಮನಿ ಬಾಜೂಕ, ಹೇಳ ಮತ್ತ?”

ಆ ಪ್ರಶ್ನೆಯಿಂದ ನನ್ನನ್ನು ಬಿಡಿಸಿದ್ದು ಕೂಸು. ಕೆಳಗಿನಿಂದ ಎರಡು ಕೈಗಳು ಅದನ್ನು ಕಿಟಕಿಯ ಮಟ್ಟಕ್ಕೆ ಎತ್ತಿದವು. ಕೆಂಪು ಕುಂಚಿಗೆ, ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟು, ವರ್ಷ ತುಂಬಿ ಸ್ವಲ್ಪ ದಿನ ಆಗಿರಬಹುದಾದ ಹೆಣ್ಣುಕೂಸು. “ಅಕ್ಕಾರ, ಇಕೀನ ಹಿಡೀರಿ, ಅಲ್ಲೊಂದ ಸೀಟ ಹಿಡೀರಿ, ಬಂದ್ನಿ ಬಂದ್ನಿ!” ನಾನು ಕೈ ಚಾಚಿ ತೆಗೆದುಕೊಂಡೆ. ಆ ಹೆಂಗಸಿನ ಮುಖ ನನಗೆ ಕಂಡದ್ದು ಅರೆಕ್ಷಣ. ಅವಳು ಆಗಲೇ ಬಾಗಿಲಿನ ಕಡೆ ಓಡಿದ್ದಳು. ಅಷ್ಟರಲ್ಲಿ ಬಿಳಿ ಟೋಪಿಯ, ಐವತ್ತರ ವಯಸ್ಸಿನ ಒಬ್ಬ ಗೃಹಸ್ಥ ಮುದುಕಿಯ ಬುಟ್ಟಿಯನ್ನು ಅವಳ ಮಡಿಲಿಗೆ ಎತ್ತಿಟ್ಟು ಮೂರನೆಯ ಜಾಗದಲ್ಲಿ ಕೂತುಬಿಟ್ಟ. ಸೀಟು ಹೋಯಿತಲ್ಲ, ಆ ತಾಯಿಗೆ ಏನು ಹೇಳಲಿ ಎಂಬುದೇ ಆಗ ನನ್ನ ಚಿಂತೆ.

ಹಿಂದಿನಿಂದ ಎರಡು ಸಲ ಗಂಟೆ ಬಡಿಯಿತು. ಬಸ್ಸು ಹೊರಟಿತು. ನಾನು ಕಿಟಕಿಯಿಂದ ಇಣುಕಿದೆ. ಬಾಗಿಲಿನ ಹತ್ತಿರ ಇನ್ನೂ ಹತ್ತಲಾಗದ ಜನ ಓಡುತ್ತಿದ್ದರು, ದೂಳಿನಲ್ಲಿ ಯಾರು ಯಾರೆಂದು ಕಾಣಲಿಲ್ಲ.

“ತಡೀರಿ, ಈ ಕೂಸಿನ ತಾಯಿ ಹತ್ತಿಲ್ಲ,” ಎಂದು ಕೂಗಿದೆ.

“ಹತ್ತಿರ್ತಾಳ ತಗೋರಿ,” ಎಂದ ನಿಂತಿದ್ದವನೊಬ್ಬ. “ಕೂಸ ಬಿಟ್ಟ ಯಾಕಿ ಉಳೀತಾಳ?”

“ನಮ್ಮಾಕಿ ಆಗಿದ್ರ ಕೂಸ ತಗೊಂಡ ನನ್ನ ಬಿಟ್ಟ ಹತ್ತತಿದ್ಲು,” ಎಂದ ಇನ್ನೊಬ್ಬ. ಜನ ನಕ್ಕರು. ನಾನೂ ನಕ್ಕೆ. ಬಾಗಿಲಿನಿಂದ ನಮ್ಮ ಸೀಟಿನವರೆಗೆ ಕಾಲಿಡಲು ಜಾಗವಿರಲಿಲ್ಲ. ಅವಳು ಆ ಜನರ ಹಿಂದೆ ಎಲ್ಲೋ ಇರಬೇಕು ಎಂದು ನನಗೂ ಅನ್ನಿಸಿತು.

ಕೂಸು ಮೊದಲು ನನ್ನ ಜಡೆಯ ರಿಬ್ಬನ್ನಿನ ಜೊತೆ ಆಡಿತು. ಊರು ದಾಟಿ ಎರಡೂ ಕಡೆ ಕಬ್ಬಿನ ಹೊಲ ಶುರುವಾದ ಮೇಲೆ ನನ್ನ ಮುಖ ನೋಡಿತು, ಮುದುಕಿಯ ಮುಖ ನೋಡಿತು, ತುಟಿ ಸೊಟ್ಟ ಮಾಡಿತು. ಆಮೇಲೆ “ಆಯೀ” ಎಂದು ಶುರುಮಾಡಿದ್ದು ನಿಲ್ಲಲಿಲ್ಲ.

“ತಾಯಿನ್ನ ಕರೀರಿ, ಮುಂದ ಬರ್ಲಿ,” ಎಂದಳು ಮುದುಕಿ. ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಕೂಸಿನ ಅವ್ವ ಎಲ್ಲದಾಳ, ಮುಂದ ಬರ್ಬೇಕಂತ, ಕೂಸಿನ ಅವ್ವ. ಸ್ವಲ್ಪ ಹೊತ್ತಿಗೆ ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು. “ಹಿಂದ ಯಾರೂ ಇಲ್ಲಂತ.” ಅದು ನನ್ನವರೆಗೆ ಬರುವಷ್ಟರಲ್ಲಿ ಬಸ್ಸಿನೊಳಗಿನ ಮಾತುಕತೆ ನಿಂತುಹೋಗಿತ್ತು. ಎಂಜಿನ್ನು ಮತ್ತು ಕೂಸು, ಎರಡೇ ಸದ್ದು.

ಆ ವರ್ಷ ನಮ್ಮ ಭಾಗದಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತ್ತು. ಹೆಂಗಸರೇ ಬರುತ್ತಾರಂತೆ, ಓದಿದವರ ಹಾಗೆ ಕಾಣುತ್ತಾರಂತೆ, ಸೂಜಿ ಚುಚ್ಚಿ ಅಮಲು ಬರಿಸುತ್ತಾರಂತೆ. ರಾಯಬಾಗದ ಕಡೆ ಬಳೆ ಮಾರುವವಳೊಬ್ಬಳನ್ನು ಹಿಡಿದು ಬಡಿದರು ಎಂದು ಹಾಸ್ಟೆಲಿನಲ್ಲಿ ಯಾರೋ ಹೇಳಿದಾಗ, ಅವಳು ಏನು ಮಾಡಿದ್ದಳು ಎಂದು ನಾವು ಕೇಳಿದ್ದೆವೇ ಹೊರತು, ಏನೂ ಮಾಡಿರಲಿಕ್ಕಿಲ್ಲ ಎಂದು ನಮಗೆ ಹೊಳೆದಿರಲಿಲ್ಲ.

“ಇಕೀ ಕೈಯಾಗ ಕೂಸ ಹೆಂಗ ಬಂತು?” ಎಂದು ಮೊದಲು ಕೇಳಿದವನು ಆಗ ಹೆಂಡತಿಯ ಜೋಕು ಹೇಳಿದವನೇ.

“ಕಿಟಕಿಯಿಂದ ಕೊಟ್ಟರು,” ಎಂದೆ. ಹೆದರಿದಾಗ ನನಗೆ ಪುಸ್ತಕದ ಕನ್ನಡ ಬರುತ್ತದೆ. ಅದೂ ಅವರ ಕಿವಿಗೆ ಬಿತ್ತು.

“ಕೊಟ್ಟಾಕಿನ್ನ ಯಾರ ನೋಡ್ಯಾರ?”

ಎಲ್ಲರೂ ಮುದುಕಿಯನ್ನು ನೋಡಿದರು. “ಕಿಡಕ್ಯಾಗಿಂದ ಬಂದದ್ದ ಖರೆ,” ಎಂದಳು ಅವಳು. “ಕೊಟ್ಟಾಕಿನ್ನ ನಾ ನೋಡಿಲ್ಲ. ಆದ್ರ ಇಕಿ ಸತ್ತಿ ಹುಡುಗಿ, ಹಂತಾಕಿ ಅಲ್ಲ.” ಅವಳು ನನ್ನ ಪರವಾಗಿಯೇ ಹೇಳಿದ್ದು.

ಟಿಕೆಟ್ಟು ಕೊಡುತ್ತಾ ನಮ್ಮ ಸೀಟಿನ ಹತ್ತಿರ ತಲುಪಿದ್ದ ಕಂಡಕ್ಟರು ತಲೆ ಎತ್ತಿದ. ನಾನು ಹತ್ತಿದ ಕೂಡಲೇ ಅವನ ಹತ್ತಿರ ಟಿಕೆಟ್ಟು ತೆಗೆಸಿದ್ದೆ. “ಸತ್ತಿ? ಕಾಗವಾಡಕ್ಕ ತಗೊಂಡಾರಲ್ರಿ ಇವ್ರು.”

“ಸತ್ತಿಗೆ ಹೋಗಾಕಿ ಕಾಗವಾಡದಾಗ ಯಾಕ ಇಳೀತಿ ಬೇ?” ಎಂದಳು ಮುದುಕಿ.

“ನಮ್ಮ ಊರು ಕಾಗವಾಡ,” ಎಂದೆ.

ನಿಜ ಎರಡನೆಯದಾಗಿ ಬಂದದ್ದರಿಂದ ಅದೇ ಸುಳ್ಳಾಯಿತು. “ಮದ್ಲ ಸತ್ತಿ ಅಂದಿ!” “ಇನ್ನೊಂದ ಸಲ ಕೇಳ್ರಿ, ಅಥಣಿ ಅಂತಾಳ.” “ನಿಪ್ಪಾಣಿನೂ ಐತಿ, ಅದನೂ ಸೇರಿಸಿಬಿಡವ್ವಾ!” ಯಾರೂ ನಗುತ್ತಿರಲಿಲ್ಲ. ಕಾಗವಾಡದವರು ಯಾರಾದರೂ ಇದ್ದೀರಾ ಎಂದು ಕಂಡಕ್ಟರು ಕೂಗಿ ಕೇಳಿದ. ಹಿಂದಿನಿಂದ ಒಬ್ಬ ಹೌದೆಂದ. ನಾನು ಅಪ್ಪನ ಹೆಸರು ಹೇಳಿದೆ. “ಅವ್ರ ಗೊತ್ತ ಅದಾರ,” ಎಂದ ಅವನು, ಕತ್ತು ಉದ್ದ ಮಾಡಿ ನನ್ನನ್ನು ನೋಡಿ. “ಈ ಹುಡುಗಿನ್ನ ಎಂದೂ ನೋಡಿಲ್ರಿ.” ನೋಡಿರಲು ಸಾಧ್ಯವೇ ಇರಲಿಲ್ಲ. ಅವ್ವ ನನ್ನನ್ನು ಯಾರೂ ನೋಡದ ಹಾಗೆ ಬೆಳೆಸಿದ್ದಳು.

ಆಗ ಬಿಳಿ ಟೋಪಿಯ ಗೃಹಸ್ಥ ಮಾತಾಡಿದ. ಅಲ್ಲಿಯವರೆಗೆ ಅವನು ಸುಮ್ಮನೆ ಕೂತಿದ್ದ. ಮೆತ್ತಗಿನ, ಹಿರಿಯರ ದನಿ.

“ಯಾಕ ಗದ್ಲ ಮಾಡ್ತೀರಿ? ಆ ಹೆಣಮಗಳ ನನಗ ಗೊತ್ತ ಅದಾಳ. ಮಾಂಜರಿ ಊರಾಕಿ, ನಮ್ಮ ಓಣಿ ಸೊಸಿ. ಸ್ಟ್ಯಾಂಡಿನ್ಯಾಗ ನೋಡೀನಿ. ನಾ ಅಂಕಲ್ಯಾಗ ಇಳೀತೀನಿ. ಹಿಂದಿನ ಗಾಡಿಗೆ ಬರ್ತಾಳ, ಅಕಿ ಕೈಯಾಗ ಕೊಡ್ತೀನಿ. ಕೊಡ ತಂಗಿ ಕೂಸ.” ಎರಡೂ ಕೈ ಚಾಚಿದ. ಥೇಟ್ ನಾನು ಕಿಟಕಿಯಲ್ಲಿ ಚಾಚಿದ್ದ ಹಾಗೆಯೇ.

ಬಸ್ಸಿನ ತುಂಬ ಒಂದು ಹಗುರವಾದ ಉಸಿರು ಓಡಿತು. “ಕೊಟ್ಟಬಿಡ್ರಿ ಅವ್ರ ಕಡೆ.” “ದೊಡ್ಡವ್ರ ಅದಾರ.” ಕಂಡಕ್ಟರೂ ತಲೆಯಾಡಿಸಿದ. ಕೊಟ್ಟುಬಿಟ್ಟರೆ ನಾನು ಬಿಡುಗಡೆ. ಮುಖ ಕಿಟಕಿಗೆ ತಿರುಗಿಸಿಕೊಂಡು ಕಾಗವಾಡದವರೆಗೆ ಕೂತಿರಬಹುದು, ಹೊತ್ತು ಮುಳುಗುವ ಮುಂಚೆ ಊಟ ಮಾಡಬಹುದು.

ನಾನು ಕೊಡಲಿಲ್ಲ. ಅದನ್ನು ಧೈರ್ಯವೆಂದು ಈಗಲೂ ಕರೆಯಲಾರೆ. ಆ ಕ್ಷಣದಲ್ಲಿ ನನಗೆ ಅನ್ನಿಸಿದ್ದು ಇಷ್ಟೇ: ಈ ಮನುಷ್ಯ ಯಾರು? ಅಲ್ಲಿದ್ದವರೆಲ್ಲ ನನ್ನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಯನ್ನೇ ನಾನು ಅವನ ಬಗ್ಗೆ ಕೇಳಿಕೊಂಡೆ. ಅವನ ಓಣಿಯ ಸೊಸೆಯಾಗಿದ್ದರೆ ಕೂಸು ಅವನ ಗುರುತು ಹಿಡಿಯಬೇಕಿತ್ತಲ್ಲ? ಆದರೆ ಅಷ್ಟು ಸಣ್ಣ ಕೂಸು ಅಳುವಾಗ ಯಾರನ್ನು ಗುರುತಿಸುತ್ತದೆ? ಅದು ನನ್ನ ಜಡೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ತಾಯಿ ಕೈಯಲ್ಲೇ ಕೊಡುತ್ತೇನೆ,” ಎಂದೆ.

“ಯಾಕ? ಅವ್ರ ಕಡೆ ಕೊಡಾಕ ಏನ ಆಗತೈತಿ ನಿನಗ?”

“ಕೊಡಾಂಗಿಲ್ಲ ಅಂದ್ರ ಅರ್ಥ ಆಗಲಿಲ್ಲೇನ್ರಿ ಇನ್ನೂ?” ಎಂದು ಇನ್ನೊಬ್ಬ ಉಳಿದವರನ್ನು ಕೇಳಿದ.

ಹಿಂದಿನ ಸೀಟಿನಿಂದ ಒಂದು ಕೈ ಬಂದು ಕೂಸಿನ ರಟ್ಟೆ ಹಿಡಿದೆಳೆಯಿತು. ಜಡೆ ಕೂಸಿನ ಮುಷ್ಟಿಯಲ್ಲಿದ್ದುದರಿಂದ ನನ್ನ ತಲೆಯೂ ಅದರ ಜೊತೆ ಹೋಯಿತು. ಇನ್ನೊಂದು ಕೈ ಹೆಗಲ ಮೇಲೆ ಬಿತ್ತು. ಪಿನ್ನು ಯಾವಾಗ ಸೆರಗಿನಿಂದ ನನ್ನ ಮುಷ್ಟಿಗೆ ಬಂದಿತ್ತೋ ನನಗೆ ಗೊತ್ತಿಲ್ಲ. ಎರಡು ವರ್ಷದ ಅಭ್ಯಾಸ ಅದು, ಮೈಮೇಲೆ ಯಾರಾದರೂ ಬಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಮುದುಕಿ ಅದನ್ನು ಕಂಡಳು.

“ಅಯ್ಯ ನಮ್ಮವ್ವಾ! ಪಿನ್ ಐತಿ ಕೈಯಾಗ! ಅದಕ್ಕ ಕೂಸ ಹಿಂಗ ಅಳಾಕತ್ತೈತಿ!”

ಆಮೇಲಿನದು ನನಗೆ ಸಾಲಾಗಿ ನೆನಪಿಲ್ಲ. ಕೆನ್ನೆಗೆ ಬಿದ್ದ ಏಟು ನೆನಪಿದೆ. ಅದು ಹೆಂಗಸಿನ ಕೈ, ಬಳೆ ತಾಗಿತು. ಪಿನ್ನು ಎಲ್ಲೋ ಬಿತ್ತು. “ಇಳಸ್ರಿ ಅಕೀನ! ಎರಡ ಹಾಕಿದ್ರ ಬಾಯಿ ಬಿಡತಾಳ!” ಎಂದು ಯಾರೋ ಗಂಟೆಯ ಹಗ್ಗ ಜಗ್ಗಿದರು. ಬಸ್ಸು ನಿಂತಿತು. ಹೊರಗೆ ಕಬ್ಬು, ಎರಡಾಳೆತ್ತರ, ರಸ್ತೆಯ ಅಂಚಿನವರೆಗೂ. ಒಂದು ಮನೆ ಇಲ್ಲ. ಆ ಕಬ್ಬಿನ ನಡುವೆ ನನ್ನನ್ನು ಇಳಿಸಿದರೆ ಏನಾಗುತ್ತದೆಂದು ನನಗೆ ತಿಳಿದಿತ್ತು. ನಾನು ಕಿಟಕಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದೆ, ಇನ್ನೊಂದರಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡೆ, ತಲೆ ತಗ್ಗಿಸಿ ಅದರ ಮೇಲೆ ಬಾಗಿದೆ. ಯಾವ ಸೀಟಿಗಾಗಿ ಓಡಿ ಬಂದಿದ್ದೆನೋ ಅಲ್ಲಿಂದ ಹೊರಬರಲು ಎಲ್ಲೂ ಸಂದಿರಲಿಲ್ಲ. ಒಂದು ಕಡೆ ತಗಡು, ಒಂದು ಕಡೆ ಜನ.

ಡ್ರೈವರು ಎಂಜಿನ್ನು ನಿಲ್ಲಿಸಲಿಲ್ಲ. ಅಲ್ಲಿಂದಲೇ ಕೂಗಿದ. “ನನ್ನ ಗಾಡ್ಯಾಗಿಂದ ನಡುದಾರ್ಯಾಗ ಯಾರನೂ ಇಳಸಾಂಗಿಲ್ಲ. ಏನ ಇದ್ರೂ ಅಂಕಲ್ಯಾಗ ನೋಡೂಣು. ಗಂಟಿ ಜಗ್ಗಿದಾಂವ ಬೇಕಂದ್ರ ಇಳೀಲಿ!” ಯಾರೂ ಇಳಿಯಲಿಲ್ಲ. ಬಸ್ಸು ಮತ್ತೆ ಹೊರಟಿತು.

ಅಂಕಲಿಯಲ್ಲಿ ಬಸ್ಸಿನ ಸುತ್ತ ಇನ್ನಷ್ಟು ಜನ ಕೂಡಿದರು. ಸುದ್ದಿ ಕಿಟಕಿಗಳಿಂದ ಇಳಿಯಿತು. ನನ್ನ ಕಿಟಕಿಯ ಕೆಳಗೆ ನಿಂತು ಗಂಡಸರು ನನ್ನನ್ನು ನೋಡುತ್ತಿದ್ದರು. ಕೂಸು ಅತ್ತು ಅತ್ತು ಬಿಕ್ಕುತ್ತಾ ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅದರ ಜೊಲ್ಲು ನನ್ನ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು. ನಿದ್ದೆ ಹೋದದ್ದೂ ತಪ್ಪಾಯಿತು. “ಕೂಸಿಗೆ ಅಮಲ ಏರೈತಿ ನೋಡ್ರಿ,” ಎಂದ ಕೆಳಗಿನವನೊಬ್ಬ. ಪೊಲೀಸರನ್ನು ಕರೆಯಲು ಯಾರೋ ಹೋಗಿದ್ದಾರೆ ಎಂದರು.

ಪೊಲೀಸರಿಗಿಂತ ಮುಂಚೆ ಒಂದು ಮೋಟರ್ ಸೈಕಲ್ ಬಂತು. ಎರಡೂ ಬದಿಗೆ ಹಾಲಿನ ಖಾಲಿ ಕ್ಯಾನು ಕಟ್ಟಿಕೊಂಡ ಒಬ್ಬ ಯುವಕ, ಅವನ ಹಿಂದೆ ಕ್ಯಾನಿನ ಮೇಲೆ ಒಂದು ಕಾಲು ಇಟ್ಟುಕೊಂಡು, ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದ ಒಬ್ಬ ಹೆಂಗಸು. ತಲೆಯ ಮೇಲೆ ಸೆರಗಿರಲಿಲ್ಲ. ಇಳಿದು ಬಿದ್ದು ಎದ್ದಳು. ಜನ ದಾರಿ ಬಿಟ್ಟರು. ಈ ಸಲ ಬಾಗಿಲಿನಿಂದಲೇ ಬಂದಳು.

ನಾನು ಕೂಸನ್ನು ಎತ್ತಿಕೊಟ್ಟೆ. ಮುಷ್ಟಿಯಿಂದ ಜಡೆ ಬಿಡಿಸಲು ಅವಳೂ ನಾನೂ ಸೇರಿ ಒಂದೊಂದೇ ಬೆರಳು ತೆಗೆಯಬೇಕಾಯಿತು.

“ಇಕೀ ಕೈಯಾಗ ಕೊಟ್ಟಿದ್ದಿ ಏನವ್ವಾ ಕೂಸ?” ಎಂದು ಕಂಡಕ್ಟರು ಕೇಳಿದ.

“ಹೌದ್ರಿ, ಇವ್ರ ಕೈಯಾಗೇ. ಬಾಗಲದಾಗ ಕಾಲ ಜಾರಿ ಬಿದ್ನಿ, ಮ್ಯಾಲ ಮಂದಿ ತುಳದ್ರು.” ಅವಳು ಮೊಣಕೈ ತೋರಿಸಿದಳು, ರಕ್ತವಿತ್ತು. ಸೀಟಿನ ಕಡೆ ನೋಡಿ, ಇನ್ನೂ ಉಸಿರು ಸಿಗದೆ, ಕೇಳಿದಳು. “ಸೀಟ ಹಿಡದೀರೇನ್ರಿ?”

ಇಡೀ ಬಸ್ಸು ನಕ್ಕಿತು. ಕೆಳಗಿನವರೂ ನಕ್ಕರು. ನನ್ನ ಕೆನ್ನೆಗೆ ಹೊಡೆದವಳೂ ನಕ್ಕಿರಬೇಕು. ಮುಗಿಯಿತು ಎಂಬಂತೆ ನಕ್ಕರು. ನಾನು ಆ ನಗೆಯಲ್ಲಿ ಸೇರಲಿಲ್ಲ.

“ಯಾವ ಊರವ್ವಾ ನಿಂದು?” ಎಂದಳು ಮುದುಕಿ ತಾಯಿಗೆ, ಸರಿದು ಜಾಗ ಮಾಡಿಕೊಡುತ್ತಾ.

“ಕರೋಶಿ ಐತ್ರಿ. ತವರಮನಿಗೆ ಹೊಂಟೀನಿ, ಕಾಗವಾಡದ ಮುಂದ.”

ಮಾಂಜರಿಯಲ್ಲ. ನಾನು ತಟ್ಟನೆ ಮೂರನೆಯ ಜಾಗ ನೋಡಿದೆ. ಬಿಳಿ ಟೋಪಿಯ ಗೃಹಸ್ಥ ಅಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಎದುರಿನ ಚಹಾದಂಗಡಿಯಲ್ಲಿ ನಿಂತು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದ. ಓಡಿಹೋಗುತ್ತಿರಲಿಲ್ಲ. ಅಂಕಲಿಯಲ್ಲಿ ಇಳಿಯುತ್ತೇನೆ ಎಂದಿದ್ದ, ಇಳಿದಿದ್ದ. ನನ್ನ ಕಣ್ಣು ಕಂಡು ಟೋಪಿ ಸರಿಮಾಡಿಕೊಂಡ. ಮಾಂಜರಿ ಎಂದದ್ದನ್ನು ಎಲ್ಲರೂ ಕೇಳಿದ್ದರು, ಯಾರಿಗೂ ನೆನಪಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಆ ಬಸ್ಸಿನಲ್ಲಿ ಇನ್ನೊಬ್ಬರ ಮೇಲೆ ಬೆರಳು ತೋರಿಸುವುದೆಂದರೆ ಏನೆಂದು ನನಗೆ ಆಗಷ್ಟೇ ತಿಳಿದಿತ್ತು.

ಬಸ್ಸು ಹೊಳೆ ದಾಟುವಾಗ ಮುದುಕಿ ನನ್ನ ಮಂಡಿಯ ಮೇಲೆ ಕೈ ಇಟ್ಟಳು. “ಹಂಗಾದ್ರ ಸತ್ತಿ ಅಂತ ಯಾಕ ಸುಳ್ಳ ಹೇಳಿದಿ ತಂಗಿ?” ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ನಿಮಗೆ ಹೆದರಿ ಎಂದು ಹೇಗೆ ಹೇಳಲಿ? ಹೊಳೆಯ ಮೇಲೆ ಬಿಸಿಲು ಕೆಂಪಾಗಿತ್ತು. ನಾನು ನೀರನ್ನೇ ನೋಡಿದೆ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. “ತಡಾ ಯಾಕಾತು?” ಎಂದಳು ಅವ್ವ. “ಬಸ್ಸ ತಡಾ,” ಎಂದೆ. ಕೆನ್ನೆಯ ಗೆರೆಗೆ ಕಿಟಕಿ ಬಡಿಯಿತೆಂದೆ. ಹೇಳಿದ್ದರೆ ಕಾಲೇಜು ಅಂದಿಗೇ ಮುಗಿಯುತ್ತಿತ್ತು. ಪಿನ್ನು ಕಳೆದದ್ದಕ್ಕೆ ಸ್ವಲ್ಪ ಬೈದು, ಸೋಮವಾರ ಇನ್ನೊಂದು ಕೊಟ್ಟಳು.

ಆ ಮನುಷ್ಯ ಯಾರಾಗಿದ್ದ? ಬೇರೆ ಯಾರನ್ನೋ ನೋಡಿ ತಮ್ಮ ಓಣಿಯವಳೆಂದು ತಿಳಿದಿರಬಹುದು. ಗದ್ದಲ ತಣ್ಣಗಾಗಲಿ, ನಾನು ಬದುಕಲಿ ಎಂದೇ ಒಂದು ಊರಿನ ಹೆಸರು ಹೇಳಿರಬಹುದು. ಅಥವಾ ಬೇರೇನೋ ಇರಬಹುದು. ಅವನು ಮಾಂಜರಿ ಎಂದ, ನಾನು ಸತ್ತಿ ಎಂದೆ. ನನ್ನ ಸುಳ್ಳಿಗೆ ಕಾರಣ ನನಗೆ ಗೊತ್ತು. ಅವನದಕ್ಕೆ ಕಾರಣ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಈಗಲೂ ಪಾತ್ರೆ ತೊಳೆಯುವಾಗ, ತರಗತಿಯಲ್ಲಿ ಮಕ್ಕಳು ಬರೆಯುತ್ತಿರುವಾಗ, ಆ ಎರಡು ಚಾಚಿದ ಕೈಗಳು ಬರುತ್ತವೆ. ಕೆಲವು ದಿನ ಮನಸ್ಸಿನಲ್ಲೇ ನಾನು ಕೂಸನ್ನು ಕೊಟ್ಟುಬಿಡುತ್ತೇನೆ. ಆಮೇಲೆ ತಾಯಿ ಮೋಟರ್ ಸೈಕಲ್ಲಿನಿಂದ ಇಳಿಯುತ್ತಾಳೆ.

ತೊಂಬತ್ತರ ಸುಮಾರಿಗೆ ನನ್ನ ತಂಗಿ ನಿಪ್ಪಾಣಿಯ ಕಾಲೇಜಿಗೆ ಸೇರಿದಳು. ಮೊದಲ ದಿನ ಅವಳನ್ನು ಕಾಗವಾಡದ ಸ್ಟ್ಯಾಂಡಿಗೆ ಬಿಡಲು ನಾನು ಹೋಗಿದ್ದೆ. ಸೆರಗಿನಲ್ಲಿ ಪಿನ್ನು ಇತ್ತು. ಊರು ಹೇಳಬೇಡ ಎಂಬ ಅವ್ವನ ಮಾತೂ ಜೊತೆಗೆ ಬಂದಿತ್ತು.

“ಅಕ್ಕಾ, ಊರ ಕೇಳಿದ್ರ ಏನ ಹೇಳ್ಲಿ?”

“ಸತ್ತಿ ಅನಬ್ಯಾಡ,” ಎಂದೆ.

“ಮತ್ತ?”

ಉತ್ತರ ಹುಡುಕುತ್ತಿರುವಾಗಲೇ ಬಸ್ಸು ತಿರುಗಿತು, ಟವೆಲ್ಲುಗಳು ಹಾರಿದವು. ತಂಗಿ ನನಗಿಂತ ಚುರುಕು, ನೋಡನೋಡುತ್ತಿದ್ದಂತೆ ಒಳಗಿದ್ದಳು, ಕಿಟಕಿಯ ಪಕ್ಕ. ಕಿಟಕಿ ಬಿಟ್ಟು ಆಚೆ ಸರಿ ಎಂದು ಕೈ ಮಾಡುತ್ತಿದ್ದೆ. ಅಷ್ಟರಲ್ಲಿ ಯಾರೋ ಒಬ್ಬಳು ಗಂಡುಕೂಸನ್ನು ಅವಳ ಕಿಟಕಿಗೆ ಎತ್ತಿದಳು. ತಂಗಿ ನಗುತ್ತಾ ಎರಡೂ ಕೈ ಚಾಚಿದಳು.

ನಾನು ಓಡಿದೆ. ಕೂಸಿನ ಕಡೆಗಲ್ಲ, ತಾಯಿಯ ಹಿಂದೆ. ಬಾಗಿಲಿನ ಜನರಲ್ಲಿ ಅವಳ ಬೆನ್ನಿಗೆ ಎರಡೂ ಅಂಗೈ ಒತ್ತಿ ಮೈಯ ಬಲವೆಲ್ಲ ಹಾಕಿ ನೂಕಿದೆ. “ಯಾರಾಕಿ ನೀ, ಯಾಕ ನೂಕ್ತಿ ಬೇ?” ಎಂದು ತಿರುಗಿ ಬೈದಳು. ಅವಳ ಎರಡೂ ಕಾಲು ಮೆಟ್ಟಿಲಿನ ಮೇಲೆ ಬರುವ ತನಕ ಕೈ ತೆಗೆಯಲಿಲ್ಲ.

ಗಂಟೆ ಬಡಿಯಿತು. ದಾರಿಯಲ್ಲಿ ಯಾರಾದರೂ ಊರು ಕೇಳಿದ್ದರೆ ತಂಗಿ ಏನು ಹೇಳಿದಳೋ, ನಾನು ಅವಳನ್ನು ಕೇಳಿಲ್ಲ.